ನಾಲ್ಕು ಸಾಲಿನ ದೂರ

ನೋಟಿಸು ಬಂದ ಬೆಳಿಗ್ಗೆ ಚಹಾದಕ್ಕನ ಒಲೆಯ ಮೇಲೆ ಹಾಲು ಉಕ್ಕಿತು. ಬಸ್ ನಿಲ್ದಾಣದ ಆ ಮೂಲೆಯಲ್ಲಿ ಹದಿನೆಂಟು ವರ್ಷದಿಂದ ಚಹಾ ಮಾಡುತ್ತಿದ್ದವಳು ಅವಳು. ಗಂಡ ತೀರಿಕೊಂಡ ವಾರವೂ ಅವಳ ಹಾಲು ಉಕ್ಕಿರಲಿಲ್ಲ. ಅಂಥವಳು ಅಂದು ಕಾಗದ ಹಿಡಿದು ನಿಂತೇ ಬಿಟ್ಟಳು. ಹಾಲು ತನ್ನ ಪಾಡಿಗೆ ತಾನು ಒಲೆಯನ್ನೆಲ್ಲ ಸುತ್ತಿ ಕೆಳಗಿಳಿಯಿತು.

ಕಾಗದದಲ್ಲಿ ಇದ್ದದ್ದು ಇಷ್ಟೇ. ನಿಲ್ದಾಣದ ಅಂಗಳದ ತುಂಬ ಚಹಾ ಕುಡಿದ ಪೇಪರ್ ಲೋಟ, ಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಪೊಟ್ಟಣ. ಇದಕ್ಕೆ ಮೂಲ ಅಂಗಡಿ ಸಾಲು. ಒಂದು ತಿಂಗಳಿಗೆ ಸರಿಯಾಗಿ ಮೇಲಿನವರು ನೋಡಲು ಬರುತ್ತಾರೆ. ಆ ಹೊತ್ತಿಗೆ ಅಂಗಳ ಚೊಕ್ಕಟವಾಗಿರದಿದ್ದರೆ ಅಂಗಡಿಗಳನ್ನು ಎತ್ತಿಸಲಾಗುವುದು.

"ಕೊಟ್ಟ ಮೇಲೆ ಚಹಾ ಅವರದ್ದು, ಲೋಟವೂ ಅವರದ್ದು. ನಾನೇನು ಒಬ್ಬೊಬ್ಬರ ಕೈ ಹಿಡ್ಕೊಂಡು ಹಿಂದೆ ಹೋಗ್ಲಾ ಸಾಹೇಬ್ರೇ?" ಎಂದು ಅವಳು ನಿಲ್ದಾಣದ ಅಧಿಕಾರಿಯನ್ನು ಕೇಳಿದಳು.

"ಹೋಗ್ತೀರೋ ಬಿಡ್ತೀರೋ, ನಂಗೆ ಅಂಗಳ ಕ್ಲೀನ್ ಇರಬೇಕಮ್ಮ," ಎಂದು ಅವರು ಚಹಾ ಮುಗಿಸಿದರು. ಮುಗಿಸಿದ ಲೋಟವನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ಅದು ಅವರ ಕಚೇರಿಯ ಕಿಟಕಿಯ ಮೇಲೆ ಸಂಜೆಯವರೆಗೂ ಕೂತಿತ್ತು.

ಅಂಗಳ ಗುಡಿಸುತ್ತಿದ್ದವಳು ಗುನುಗಮ್ಮ. ಪೊರಕೆ ಹಿಡಿದಾಗಲೆಲ್ಲ ಬಾಯಲ್ಲಿ ಏನೋ ಪದ್ಯ ಗುನುಗುತ್ತಿದ್ದಳಾದ್ದರಿಂದ ಕಂಡಕ್ಟರುಗಳು ಇಟ್ಟ ಹೆಸರು. ನಾಲ್ಕು ತಿಂಗಳ ಹಿಂದೆ ಅವಳನ್ನು ಈ ನಿಲ್ದಾಣಕ್ಕೆ ಹಾಕಿದ್ದರು. ನಿಲ್ದಾಣದಲ್ಲಿ ಯಾರಿಗೂ ಗೊತ್ತಿರದ ಒಂದು ಸಂಗತಿಯೆಂದರೆ ಅವಳು ಚಹಾದಕ್ಕನ ನಾದಿನಿ. ತೀರಿಕೊಂಡ ಗಂಡನ ಒಡಹುಟ್ಟಿದ ತಂಗಿ. ಇಬ್ಬರೂ ಒಂದೇ ಮನೆಯಲ್ಲಿದ್ದರು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು.

ಗೊತ್ತಾಗದಂತೆ ನೋಡಿಕೊಂಡವಳು ಚಹಾದಕ್ಕನೇ. ನಾದಿನಿ ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿದ್ದಳು: "ನೋಡು, ಇಲ್ಲಿ ನನ್ನನ್ನ ಅತ್ತಿಗೆ ಅಂತ ಕರೀಬೇಡ. ಕಸ ಎತ್ತೋ ಕೈ, ಚಹಾ ಸೋಸೋ ಕೈ ಎರಡೂ ಒಂದೇ ಮನೇವು ಅಂತ ಗೊತ್ತಾದ್ರೆ ಕುಡಿಯೋರ ಮನಸ್ಸು ಹೇಗಿರತ್ತೋ ಏನೋ. ತಪ್ಪು ತಿಳ್ಕೋಬೇಡ."

"ಆಯ್ತಕ್ಕ," ಎಂದಿದ್ದಳು ಗುನುಗಮ್ಮ. ಆ ಕ್ಷಣದಿಂದಲೇ ಅಕ್ಕ. ಮರುದಿನದಿಂದ ಇಬ್ಬರೂ ಮನೆಯಿಂದ ಜೊತೆಗೆ ಹೊರಟರೂ ಹಾಲಿನ ಬೂತಿನ ತಿರುವು ಬಂದ ಕೂಡಲೇ ಗುನುಗಮ್ಮನ ಚಪ್ಪಲಿಯ ಉಂಗುಷ್ಟ ಸಡಿಲವಾಗುತ್ತಿತ್ತು. ಅವಳು ಕೂತು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತಿಗೆ ಮುಂದೆ ಹೋಗಿಬಿಟ್ಟಿರುತ್ತಿದ್ದಳು. ಹೊಸ ಚಪ್ಪಲಿ ಕೊಂಡ ಮೇಲೂ ಆ ಉಂಗುಷ್ಟ ಅದೇ ತಿರುವಿನಲ್ಲೇ ಸಡಿಲವಾಗುತ್ತಿತ್ತು.

ನೋಟಿಸಿನ ಮೊದಲ ಹತ್ತು ದಿನ ಚಹಾದಕ್ಕ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಮುಚ್ಚಳವಿರುವ ದೊಡ್ಡ ಹಸಿರು ಡಬ್ಬ ತಂದು ಅಂಗಡಿಯ ಪಕ್ಕ ನಿಲ್ಲಿಸಿದಳು. ಗೋಡೆಗೆ ದಪ್ಪ ಅಕ್ಷರದ ಹಲಗೆ ಹೊಡೆಸಿದಳು. ಅದೂ ಸಾಲದೆಂದು ಗಂಟಲು ಹರಿದುಕೊಂಡಳು. "ಏ ಯಜಮಾನ್ರೇ, ಡಬ್ಬ ಕಾಣಲ್ವಾ?" "ತಾಯಿ, ಆ ಸಿಪ್ಪೆ ನಿಮ್ಮನೇಲೂ ಹಾಗೇ ಎಸೀತೀರಾ?" ಸಿಟ್ಟಾದವರು ಪಕ್ಕದ ಅಂಗಡಿಗೆ ಹೋದರು. ಹೋಗದವರು ಮುಚ್ಚಳ ಮುಟ್ಟಲು ಅಸಹ್ಯಪಟ್ಟು ಲೋಟವನ್ನು ಮುಚ್ಚಳದ ಮೇಲೇ ಇಟ್ಟು ಹೋದರು. ಉಳಿದ ಚಹಾ ಅದರ ಮೇಲೆ ಸುರಿದು, ನೊಣ ಮುತ್ತಿ, ಸಂಜೆಗೆ ಆ ಹಸಿರು ಡಬ್ಬವೇ ಎಲ್ಲಕ್ಕಿಂತ ಗಲೀಜಾಗಿ ಕಾಣುತ್ತಿತ್ತು. ಒಳಗೆ ನೋಡಿದರೆ ಖಾಲಿ.

ಅದೇ ಹತ್ತು ದಿನ ಗುನುಗಮ್ಮ ಇನ್ನೊಂದು ಕೆಲಸ ಹಿಡಿದಿದ್ದಳು. ಯಾರಾದರೂ ಲೋಟ ಹಿಡಿದು ಹೊರಟರೆ ಪೊರಕೆ ಹೆಗಲಿಗಿಟ್ಟು, ಎರಡು ಮಾರು ಹಿಂದೆ, ಗುನುಗುತ್ತ ನಡೆಯುತ್ತಿದ್ದಳು. ಅವರು ಎಸೆದ ಜಾಗದಲ್ಲಿ ನಿಂತು ನೆಲಕ್ಕೆ ಸೀಮೆಸುಣ್ಣದ ಗೀರು ಹಾಕುತ್ತಿದ್ದಳು. ಹಿಂದಿರುಗಿ ಮತ್ತೊಬ್ಬರ ಬೆನ್ನು ಹಿಡಿಯುತ್ತಿದ್ದಳು.

"ಏನಕ್ಕ, ನಿಮ್ಮ ಗುನುಗಮ್ಮ ಪೊಲೀಸ್ ಕೆಲಸಕ್ಕೆ ಸೇರಿದ್ಲಾ?" ಎಂದು ಮೀಸೆ ಕಂಡಕ್ಟರು ನಕ್ಕ. ಇಪ್ಪತ್ತು ವರ್ಷದಿಂದ ಅದೇ ರೂಟು, ಅದೇ ಮೀಸೆ, ದಿನಕ್ಕೆ ಐದು ಚಹಾ; ಅವನು ಏನಂದರೂ ಉಳಿದವರು ಅದನ್ನೇ ಅನ್ನುತ್ತಿದ್ದರು.

"ನಮ್ಮೋಳು ಯಾಕಾಗ್ತಾಳೆ? ನಿಲ್ದಾಣದವಳು," ಎಂದಳು ಚಹಾದಕ್ಕ. ಅಂದು, ಆಗಲೇ ಸೋಸಿದ್ದ ಚಹಾವನ್ನು ಇನ್ನೊಮ್ಮೆ ಸೋಸಿದಳು.

ಆ ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿಯೇ ಬಿಟ್ಟಳು. "ಜನರ ಬೆನ್ನು ಹತ್ತಿ ಹೋಗ್ತೀಯಲ್ಲ, ಮಾನ ಮರ್ಯಾದೆ ಏನಾದ್ರೂ ಇದೆಯಾ ನಿಂಗೆ? ಅಂಗಡಿ ಹೋಗೋದು ನಂದು. ನೀನು ಆಟ ಆಡ್ತಾ ಇದೀಯ."

"ಆಟ ಅಲ್ಲ ಅತ್ತಿಗೆ, ಅಳತೆ." ಮನೆಯೊಳಗೆ ಆ ಮಾತಿಗೆ ಅಡ್ಡಿಯಿರಲಿಲ್ಲ. "ಅಪ್ಪ ಸಂಜೆ ಜಗಲಿ ಮೇಲೆ ಕೂತು ಓದ್ತಿದ್ರಲ್ಲ, ಆರಾರು ಸಾಲಿನ ಪದ್ಯ. ಒಂದು ಹೆಜ್ಜೆಗೆ ಒಂದು ತಾಳ ಹಾಕಿ ಹೇಳ್ಕೊಂಡು ಹೋಗ್ತೀನಿ. ಹಣ್ಣಿನ ಸಿಪ್ಪೆ ಯಾರ ಕೈಯಲ್ಲೂ ಎರಡು ಸಾಲಿಗಿಂತ ಹೆಚ್ಚು ನಿಲ್ಲಲ್ಲ, ಅಂಟಾಗತ್ತೆ ನೋಡಿ. ಟಿಕೆಟ್ಟು, ಇಳಿದ ಕೂಡ್ಲೇ, ಅರ್ಧ ಸಾಲು. ನಿಮ್ಮ ಲೋಟ ಮಾತ್ರ ನಾಲ್ಕು ಸಾಲು ಹೋಗತ್ತೆ. ಬಿಸಿ ಇರತ್ತಲ್ಲ, ಊದ್ಕೊಂಡು ಹೋಗ್ತಾರೆ. ನಾಲ್ಕನೇ ಸಾಲಿಗೆ ಸರಿಯಾಗಿ ಬಸ್ಸಿನ ಬಾಗಿಲು ಬರತ್ತೆ. ಕಂಬಿ ಹಿಡಿಯಕ್ಕೆ ಕೈ ಬೇಕು. ಬಿಡ್ತಾರೆ. ಅವರು ಕೆಟ್ಟೋರಲ್ಲ ಅತ್ತಿಗೆ. ಕೈ ಖಾಲಿ ಮಾಡ್ಕೋಬೇಕಾದ ಜಾಗದಲ್ಲಿ ಡಬ್ಬ ಇಲ್ಲ, ಅಷ್ಟೇ."

ಚಹಾದಕ್ಕನ ಕೈಯಲ್ಲಿದ್ದ ತಟ್ಟೆ ತೊಳೆಯದೇ ನಿಂತಿತು. "ಒಂದು, ಎರಡು ಅಂತ ಎಣಿಸಬಾರದಾ?"

"ಎಣಿಸ್ತಾ ಇರುವಾಗ ಯಾರಾದ್ರೂ ಮಾತಾಡಿಸಿದ್ರೆ ತಪ್ಪಿಹೋಗತ್ತೆ. ಪದ್ಯ ತಪ್ಪಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಮುಂದಕ್ಕೆ ಹೋಗತ್ತೆ." ನಾದಿನಿ ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮ ಅಂಗಡಿ ಹಿಂದೆ ಖಾಲಿ ಎಣ್ಣೆ ಡಬ್ಬ ಬಿದ್ದಿವೆಯಲ್ಲ, ಕೊಡ್ತೀರಾ?"

ಕೊಡುವಾಗಲೂ ಚಹಾದಕ್ಕನಿಗೆ ನಂಬಿಕೆ ಇರಲಿಲ್ಲ. ಆದರೆ ಹತ್ತು ದಿನ ಕಳೆದಿತ್ತು, ತನ್ನ ಬುದ್ಧಿಯೆಲ್ಲ ಖರ್ಚಾಗಿತ್ತು.

ಗುನುಗಮ್ಮ ಡಬ್ಬಗಳ ಬಾಯಿ ಕತ್ತರಿಸಿ, ಅಂಚು ಕೈಗೆ ತಾಗದಂತೆ ಸುತ್ತಿಗೆಯಿಂದ ಒಳಕ್ಕೆ ಮಡಿಸಿದಳು. ಮುಚ್ಚಳ ಬೇಡವೆಂದಳು. ನೆಲದ ಮೇಲೂ ಇಡಲಿಲ್ಲ. ಇಳಿಬಿದ್ದ ಕೈ ಎಲ್ಲಿರುತ್ತದೋ ಆ ಎತ್ತರಕ್ಕೆ, ಬಸ್ಸಿನ ಬಾಗಿಲು ಬಂದು ನಿಲ್ಲುವ ನಾಲ್ಕನೇ ಕಂಬಕ್ಕೆ ತಂತಿಯಲ್ಲಿ ಕಟ್ಟಿದಳು. ಪಕ್ಕದಲ್ಲೇ ಚಿಕ್ಕ ಬಕೆಟ್ಟು, ಉಳಿದ ಚಹಾ ಸುರಿಯಲು. ಅಷ್ಟು ಮಾಡಿ ಏನೂ ಆಗಿಲ್ಲವೆಂಬಂತೆ ಗುಡಿಸಲು ಹೋದಳು.

ಚಹಾದಕ್ಕ ಸೋಸುವುದನ್ನು ಬಿಟ್ಟು ಕಂಬವನ್ನೇ ನೋಡುತ್ತಿದ್ದಳು. ಚೀಲ ಹೊತ್ತ ಒಬ್ಬ ಲೋಟ ಹಿಡಿದು ಹೊರಟ. ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ನಡೆಯುತ್ತಲೇ ಗುಟುಕರಿಸಿದ, ಊದಿದ, ಗುಟುಕರಿಸಿದ. ಬಾಗಿಲ ಬಳಿ ಅವನ ಕೈ ಇಳಿಯಿತು. ಕಣ್ಣು ಅತ್ತ ಹೊರಳಲೇ ಇಲ್ಲ. ಲೋಟ ಡಬ್ಬದಲ್ಲಿ ಬಿತ್ತು, ಕೈ ಕಂಬಿ ಹಿಡಿಯಿತು, ಬೈಗುಳ ಬಸ್ಸಿನೊಳಗೆ ಮುಂದುವರಿಯಿತು.

ಹತ್ತು ದಿನ ಚಹಾದಕ್ಕ ಕೂಗಿ ಕೂಗಿ ಮಾಡಿಸಲಾಗದ್ದನ್ನು ಇವಳು ಸೊಲ್ಲೆತ್ತದೆ ಮಾಡಿಸಿದ್ದಳು. ಅದೂ ಆ ಮನುಷ್ಯನಿಗೇ ಗೊತ್ತಾಗದ ಹಾಗೆ.

ಆಮೇಲೆ ಗುನುಗಮ್ಮ ಕೇಳುವ ಮೊದಲೇ ಚಹಾದಕ್ಕ ಉಳಿದ ಡಬ್ಬಗಳನ್ನೂ ಕೊಟ್ಟಳು. ಹಣ್ಣಿನ ಗಾಡಿಯಿಂದ ಎರಡು ಸಾಲಿನ ದೂರಕ್ಕೆ ಸಿಪ್ಪೆಗೆಂದೇ ಒಂದು ಬುಟ್ಟಿ ಬಂತು. ಅದನ್ನು ದಿನಾ ಸಂಜೆ ನಿಲ್ದಾಣದ ಹಿಂದಿನ ಗಿಡಗಳ ಗುಂಡಿಗೆ ಸುರಿದರು. ಇಳಿಯುವ ಬಾಗಿಲಿನೆದುರು ಟಿಕೆಟ್ಟಿಗೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಕಂಬಗಳಿಗೆ ಒಟ್ಟು ಏಳು ಡಬ್ಬ. ನಿಂತು ಕುಡಿಯುವವರಿಗೆ ಇನ್ನು ಗಾಜಿನ ಲೋಟವೆಂದು ಚಹಾದಕ್ಕ ತಾನೇ ನಿಯಮ ಮಾಡಿದಳು. ತೊಳೆಯುವ ಕೆಲಸ ಹೆಚ್ಚಿತು, ಗೊಣಗಲಿಲ್ಲ. ಗುನುಗಮ್ಮ ಮಾತ್ರ ದಿನಾ ಒಂದೆರಡು ಡಬ್ಬ ಬಿಚ್ಚಿ ಅಷ್ಟು ಆಚೆ, ಇಷ್ಟು ಈಚೆ ಕಟ್ಟುತ್ತಲೇ ಇದ್ದಳು. ಹಸಿರು ಡಬ್ಬವನ್ನು ತೊಳೆದು ಒಳಗಿಟ್ಟರು, ಸಕ್ಕರೆ ತುಂಬಲಿಕ್ಕೆ ಎಂದು ಮೀಸೆ ಕಂಡಕ್ಟರು ಹಾಸ್ಯ ಮಾಡಿದ.

ತಿಂಗಳು ತುಂಬಿದ ದಿನ ಪರಿಶೀಲನೆಯ ಸಾಹೇಬರು ಬಂದರು. ಎತ್ತರದ ಆಳು, ಕಂಕುಳಲ್ಲಿ ಫೈಲು. ಅವರು ಪೇಪರ್ ಲೋಟದಲ್ಲಿ ಚಹಾ ಹಿಡಿದು ಅಂಗಳ ಸುತ್ತಿದರು. ನಿಲ್ದಾಣದ ಅಧಿಕಾರಿ ಕೈ ಕಟ್ಟಿಕೊಂಡು ಹಿಂದೆ. ನೆಲ ನೋಡಿದರು, ಮೂಲೆ ನೋಡಿದರು, ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಹಿಂದಿರುಗಿ ಅಂಗಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

"ಕಸ ಏನೋ ಇಲ್ಲ. ಆದ್ರೆ ಡಬ್ಬಗಳೆಲ್ಲಿ? ಒಂದೂ ಕಾಣಲಿಲ್ಲ. ಇವತ್ತೊಂದು ದಿನ ಗುಡಿಸಿ ತೋರಿಸಿದ್ರೆ ನಾನು ಬರ್ಕೊಡಲ್ಲ ರೀ. ನಾಳೆ ಮತ್ತೆ ಅದೇ ಹಾಡು."

ಚಹಾದಕ್ಕ ಸೌಟು ಕೆಳಗಿಟ್ಟಳು. "ಸಾರ್, ನಿಮ್ಮ ಲೋಟ ಎಲ್ಲಿ?"

"ಯಾವ ಲೋಟ?"

"ಈಗ ಕೊಟ್ಟೆನಲ್ಲ, ಚಹಾ."

ಸಾಹೇಬರು ತಮ್ಮ ಬಲಗೈ ನೋಡಿಕೊಂಡರು. ಎಡಗೈ ನೋಡಿಕೊಂಡರು. ಜೇಬು ಮುಟ್ಟಿಕೊಂಡಾಗ ಮೀಸೆ ಕಂಡಕ್ಟರಿಗೆ ತಡೆಯಲಾಗಲಿಲ್ಲ, ಚಹಾ ಮೂಗಿಗೆ ಹತ್ತುವಂತೆ ನಕ್ಕುಬಿಟ್ಟ. ಆಮೇಲೆ ಸಾಹೇಬರು ತಾವು ನಡೆದ ದಾರಿಯಲ್ಲೇ ಹಿಂದೆ ಹೋಗಿ, ನಾಲ್ಕನೇ ಕಂಬದ ಬಳಿ ನಿಂತು, ಡಬ್ಬದೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ತಿರುಗಿ ಬಂದಾಗ ಅವರ ಮುಖವೇ ಬೇರೆಯಾಗಿತ್ತು.

"ಇದನ್ನ ಇಟ್ಟೋರು ಯಾರು?"

"ಸಿಬ್ಬಂದಿ ಎಲ್ಲ ಸೇರಿ ಸಾರ್..." ಎಂದು ಅಧಿಕಾರಿ ಶುರುಮಾಡಿದರು.

ಗುನುಗಮ್ಮ ಆಚೆ ಕಟ್ಟೆಯ ಬಳಿ ಗುಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅಂಗಡಿಯೆದುರು ಇಪ್ಪತ್ತು ಮಂದಿ ಲೋಟ ಹಿಡಿದು ನಿಂತಿದ್ದರು, ಎಲ್ಲ ದಿನಾ ಬರುವ ಮುಖಗಳೇ. ಅಂಗಡಿ ಉಳಿದಿತ್ತು, ಸುಮ್ಮನಿದ್ದರೂ ಉಳಿಯುತ್ತಿತ್ತು. ಮಾತಾಡಿದರೆ ಇವರಲ್ಲಿ ನಾಳೆ ಎಷ್ಟು ಜನ ಬರುತ್ತಾರೋ ಹೇಳಲಾಗದು. ಚಹಾದಕ್ಕನಿಗೆ ಅದೆಲ್ಲ ಗೊತ್ತಿತ್ತು.

"ಅವಳು ಸಾರ್, ಅಲ್ಲಿ ಗುಡಿಸ್ತಾ ಇದಾಳಲ್ಲ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ನಮ್ಮ ನಾದಿನಿ. ನಮ್ಮನೇಲೇ ಇರೋದು."

ಲೋಟಗಳು ನಿಂತವು. ಮೀಸೆ ಕಂಡಕ್ಟರು ಅತ್ತ ನೋಡಿದ, ಇತ್ತ ನೋಡಿದ, ಕೈಯಲ್ಲಿದ್ದ ಗಾಜಿನ ಲೋಟ ನೋಡಿದ. ಒಂದೇ ಗುಟುಕಿಗೆ ಮುಗಿಸಿ ಮುಂದೆ ಚಾಚಿದ.

"ಇನ್ನೊಂದು ಹಾಕಕ್ಕ. ಮತ್ತೆ ನಿಮ್ಮ ನಾದಿನಿಗೂ ಒಂದು, ನನ್ನ ಲೆಕ್ಕಕ್ಕೆ. ಪೊಲೀಸ್ ಅಂದಿದ್ದೆನಲ್ಲ, ದಂಡ ಅಂತ ಇಟ್ಕೊಳ್ಳಿ."

ಮರುದಿನ ಬೆಳಿಗ್ಗೆ ಹಾಲಿನ ಬೂತಿನ ತಿರುವು ಬಂದಾಗ ಗುನುಗಮ್ಮ ರೂಢಿಯಂತೆ ಚಪ್ಪಲಿಗೆ ಬಗ್ಗಿದಳು. ಚಹಾದಕ್ಕ ಮುಂದೆ ಹೋಗದೆ ನಿಂತಳು.

"ಏಳೇ. ಚಪ್ಪಲಿಗೇನೂ ಆಗಿಲ್ಲ."

ಗುನುಗಮ್ಮ ಎದ್ದು ಅವಳ ಪಕ್ಕಕ್ಕೆ ಬಂದಳು. ನಿಲ್ದಾಣದ ಕಂಬಗಳು ಕಾಣಿಸಿದಾಗ ಗುನುಗಮ್ಮ ಬಾಯಿ ತೆರೆದಳು.

"ಅತ್ತಿಗೆ, ಆ ನಾಲ್ಕನೇ ಕಂಬದ ಡಬ್ಬ ಅರ್ಧ ಸಾಲು ಆಚೆಗೆ ಹೋಗ್ಬೇಕು. ನಿನ್ನೆ ಆ ಸಾಹೇಬ್ರನ್ನ ನೋಡಿದ್ರಲ್ಲ? ಉದ್ದ ಕಾಲಿನವರು. ಹಾಕೋವಾಗ ಕೈ ಹಿಂದಕ್ಕೆ ಚಾಚಬೇಕಾಯ್ತು, ಪಾಪ."