ಫಿರಂಗಿಗೆ ಸುತ್ತಿದ್ದ ಟೇಪು

ಫಿರಂಗಿಯನ್ನು ಟೇಬಲ್ ಲ್ಯಾಂಪ್ ಮಾಡುತ್ತಾರಂತೆ ಎಂಬ ಸುದ್ದಿ ಕನ್ನಡಕದಕ್ಕನ ಕಿವಿಗೆ ಬಿದ್ದದ್ದು ಸೋಮವಾರ ಬೆಳಿಗ್ಗೆ, ತನ್ನ ಕನ್ನಡಕದ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ. ಹೇಳಿದವರು ಪಕ್ಕದ ಫೋಟೊ ಸ್ಟುಡಿಯೊದ ಅಣ್ಣ. ನಲವತ್ತು ವರ್ಷ ನಡೆಸಿದ ಸ್ಟುಡಿಯೊವನ್ನು ಈ ತಿಂಗಳ ಕೊನೆಗೆ ಮುಚ್ಚುವವರಿದ್ದರು. ಹಿನ್ನೆಲೆಯ ಪರದೆಗಳನ್ನು ಸುತ್ತಿ ಸುತ್ತಿ ಬಾಗಿಲಿಗೆ ಒರಗಿಸುತ್ತಿದ್ದರು.

"ಶನಿವಾರ ಬರ್ತಾನೆ ಅದನ್ನ ಕೊಳ್ಳೋನು. ಕಾಫಿ ಅಂಗಡಿ ತೆಗೀತಾನಂತೆ. ಒಳಗಿನ ಗಾಜೆಲ್ಲ ಬಿಚ್ಚಿ ಬಲ್ಬ್ ಹಾಕಿದ್ರೆ ಜನ ಅದರ ಮುಂದೆ ನಿಂತು ಫೋಟೊ ತೆಗೆಸ್ಕೊಳ್ತಾರಂತೆ. ಹೋಗ್ಲಿ ಬಿಡು ತಂಗೀ, ಫೋಟೊ ತೆಗೀಲಾರದ್ದು ಫೋಟೊದಲ್ಲಾದ್ರೂ ಬರ್ಲಿ."

"ಅದು ಇನ್ನೂ ನನ್ನ ಹತ್ರ ಇದೆಯಲ್ಲ ಅಣ್ಣ."

"ಇದೆ. ಒಂದು ತಿಂಗಳಿಗೆ ಅಂತ ಕೊಟ್ಟಿದ್ದೆ, ಎರಡಾಯ್ತು. ಒಂದಾದ್ರೂ ನೆಟ್ಟಗೆ ಬಂತಾ?"

ಅವಳು ಷಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು. ಬಂದಿರಲಿಲ್ಲ.

"ಹಕ್ಕಿಯ ಒಂದೊಂದು ಗರಿಯೂ ಬಿಡಿಯಾಗಿ ಕಾಣೋ ಹಾಗೆ ಒಂದೇ ಒಂದು ಫೋಟೊ ತಾ," ಎಂದರು ಅಣ್ಣ. "ಆಗ ಅದು ನಿಂದೇ, ಇಟ್ಕೋ. ಇಲ್ದಿದ್ರೆ ಶನಿವಾರದಿಂದ ಅದು ದೀಪ."

ಫಿರಂಗಿ ಎಂದರೆ ಒಂದು ಹಳೇ ಲೆನ್ಸು. ಮೊಳಕ್ಕಿಂತ ಉದ್ದ, ನಾಲ್ಕು ಕೆ.ಜಿ. ತೂಕ. ಕಪ್ಪು ಬಣ್ಣ ಸವೆದು ಅಂಚಿನಲ್ಲೆಲ್ಲ ಹಿತ್ತಾಳೆ ಇಣುಕುತ್ತಿತ್ತು. ಮೂವತ್ತು ವರ್ಷದ ಕೆಳಗೆ ಪತ್ರಿಕೆಯೊಂದರ ಕ್ರೀಡಾ ಛಾಯಾಗ್ರಾಹಕ ಊರು ಬಿಡುವಾಗ ಅದನ್ನು ಅಣ್ಣನಿಗೆ ಕೊಟ್ಟು ಹೋಗಿದ್ದ. ಅಣ್ಣ ಹುಮ್ಮಸ್ಸಿನಿಂದ ಒಂದು ಚಳಿಗಾಲವಿಡೀ ಹಕ್ಕಿಗಳ ಹಿಂದೆ ಬಿದ್ದರು. ಒಂದು ಚಿತ್ರವೂ ಸರಿಬರಲಿಲ್ಲ. ಗೆಳೆಯರು ಅದನ್ನೇ ಆಡಿಕೊಂಡು ನಕ್ಕರು. ಅಲ್ಲಿಂದಾಚೆಗೆ ಅದು ಸ್ಟುಡಿಯೊದ ಗಾಜಿನ ಕಪಾಟಿನಲ್ಲಿ ಬೀದಿಗೆ ಮುಖಮಾಡಿ ಕೂತಿತ್ತು. ಬೀದಿಯ ಜನ ಅದಕ್ಕೆ ಫಿರಂಗಿ ಎಂದು ಹೆಸರಿಟ್ಟರು. ಲೆನ್ಸು ಹುಟ್ಟಾ ಕೆಟ್ಟದ್ದು ಎಂದು ಅಣ್ಣ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಕನ್ನಡಕದಕ್ಕನಿಗೆ ಈಗ ಐವತ್ತೆರಡು. ಇಪ್ಪತ್ತಾರು ವರ್ಷಗಳಿಂದ ಅವಳು ನೋಡಿದ್ದೆಲ್ಲ ಬೇರೆಯವರ ಕಣ್ಣು. ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಯಿಂದ ಅಕ್ಷರದ ಹಲಗೆಯವರೆಗೆ ಇಪ್ಪತ್ತಡಿ. ಅದಕ್ಕಿಂತ ದೂರದ್ದನ್ನು ನೋಡುವ ಕೆಲಸ ಅವಳಿಗೆ ಬಿದ್ದೇ ಇರಲಿಲ್ಲ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅಣ್ಣನ ಕಪಾಟು ಒರೆಸಿಕೊಡಲು ಹೋದವಳು ಫಿರಂಗಿಯ ಹಿಂಬದಿಗೆ ಸುಮ್ಮನೆ ಕಣ್ಣಿಟ್ಟಳು. ಬೀದಿಯ ತುದಿಯ ನೀರಿನ ಟ್ಯಾಂಕು ಮಸುಕುಮಸುಕಾಗಿ ಮುಖದ ಮೇಲೇ ಬಂದಂತಾಯಿತು. ಅದರ ಏಣಿಯ ಮೇಲೆ ಒಂದು ಹಕ್ಕಿ. ಅವಳಿಗೆ ಅದರ ಕಾಲು ಕಾಣಿಸಬೇಕು ಅನ್ನಿಸಿತು. ಎಷ್ಟೋ ವರ್ಷಗಳ ಮೇಲೆ, ಯಾರಿಗೂ ಬೇಡದ, ತನಗೊಬ್ಬಳಿಗೇ ಬೇಕಾದ ಒಂದು ವಸ್ತು ಅವಳ ಕಣ್ಣಿಗೆ ಬಿದ್ದಿತ್ತು.

ನಾದಿನಿಯ ಮಗಳು ಹೊಸದು ಕೊಂಡು, ಹಳೆಯದೆಂದು ಮೂಲೆಗೆ ಹಾಕಿದ್ದ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ಹಳೇ ಲೆನ್ಸಿಗೂ ಈ ಕಾಲದ ಕ್ಯಾಮೆರಾಗೂ ನಡುವೆ ಸೇರಿಸುವ ಲೋಹದ ಅಡಾಪ್ಟರನ್ನು ಅವಳೇ ಹುಡುಕಿ ತರಿಸಿದಳು. ಫಿರಂಗಿಯನ್ನು ಕೊಡುವಾಗ ಅಣ್ಣ ಒಂದೇ ಪಾಠ ಹೇಳಿದರು.

"ಈ ಬಳೆ ತಿರುಗಿಸಿದ್ರೆ ಫೋಕಸ್ಸು. ದೂರದ್ದಕ್ಕೆ ಅಂದ್ರೆ ಕೊನೆವರೆಗೂ ತಿರುಗಿಸ್ಬೇಕು, ಅಷ್ಟೇ. ಕೈ ತಾಗಿ ಅಲುಗದೆ ಇರ್ಲಿ ಅಂತ ನಾನೇ ಕೊನೇಲಿ ನಿಲ್ಸಿ ಟೇಪು ಸುತ್ತಿದೀನಿ. ಅದನ್ನ ಮಾತ್ರ ಮುಟ್ಬೇಡ."

ಅವಳು ಮುಟ್ಟಲಿಲ್ಲ. ಊರಾಚೆ ಬಿಟ್ಟುಹೋದ ಕಲ್ಲಿನ ಕ್ವಾರಿಯಲ್ಲಿ ನೀರು ನಿಂತು ಕೆರೆಯಾಗಿತ್ತು. ನಡುವೆ ಒಂದು ಒಣಮರ. ವಾರಕ್ಕೆರಡು ಬೆಳಿಗ್ಗೆ ಮೊದಲ ಬಸ್ಸಿಗೆ ಅಲ್ಲಿಗೆ ಹೋಗಿ, ಅಂಗಡಿ ತೆರೆಯುವ ಹೊತ್ತಿಗೆ ವಾಪಸಾಗುತ್ತಿದ್ದಳು. ಜೊತೆಗೆ ಅತ್ತೆ. ಎಪ್ಪತ್ತಾರರ ಅತ್ತೆಯನ್ನು ಅವಳು ಕರೆದಿರಲಿಲ್ಲ. "ಮನೇಲಿ ನಿನ್ನ ಗಂಡನ ಗೊರಕೆ ಕೇಳೋದಕ್ಕಿಂತ ಅಲ್ಲಿ ಕಪ್ಪೆ ಕೂಗೋದು ಕೇಳೋದು ವಾಸಿ" ಎಂದು ಅವರೇ ಹೊರಟಿದ್ದರು. ಫಿರಂಗಿ ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಅವಳ ಮಡಿಲಲ್ಲಿ ಕೂರುತ್ತಿತ್ತು. ಮೊದಲ ದಿನ ಕಂಡಕ್ಟರ್ ಇಣುಕಿ, "ಮಗುಗೆ ಎಷ್ಟು ವಯಸ್ಸು?" ಎಂದು ಕೇಳಿದ್ದ. "ನಿನಗಿಂತ ದೊಡ್ಡದು," ಎಂದಿದ್ದರು ಅತ್ತೆ, "ಟಿಕೆಟ್ ಮಾತ್ರ ಕೇಳ್ಬೇಡ."

ಮೂರು ಕಾಲಿನ ಸ್ಟ್ಯಾಂಡು ಗಾಳಿಗೆ ಅಲುಗದಂತೆ ಅದರ ನಡುವಿಗೆ ಅತ್ತೆಯ ಉಣ್ಣೆ ದಾರದ ಚೀಲವನ್ನು ನೇತುಹಾಕುತ್ತಿದ್ದರು. ಚೀಲದಲ್ಲಿ ಉಣ್ಣೆಯ ಜೊತೆಗೆ ಎರಡು ಕಲ್ಲು. ಒಣಮರದ ಮೇಲೆ ನೀರುಕಾಗೆಗಳು ಒಗೆದ ಬಟ್ಟೆ ಹರವಿದಂತೆ ರೆಕ್ಕೆ ಬಿಡಿಸಿಕೊಂಡು ಕೂತಿರುತ್ತಿದ್ದವು. ಅಲ್ಲಿ ಎರಡು ತಾಸು ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಒಗ್ಗರಣೆಗೆ ಸಾಸಿವೆ ಎಲ್ಲಿ, ಬಿಲ್ಲು ಕಟ್ಟಿದೆಯಾ, ಫ್ರೇಮು ಯಾವಾಗ ಬರುತ್ತೆ, ಏನೂ ಇಲ್ಲ. ಬಿಸಿಲು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಿದ್ದು ಚಿತ್ರ ಹೇಗಿದೆಯೆಂದು ತಿಳಿಯುತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರಿಗೆ ಹಾಕಿದಾಗಲೇ ಗೊತ್ತಾಗುತ್ತಿತ್ತು. ಎಲ್ಲವೂ ಮಸುಕು.

"ಮಜ್ಜಿಗೇಲಿ ಬಿದ್ದ ಕಾಗೆ ಇದ್ದ ಹಾಗಿದೆ," ಎಂದಿದ್ದ ಗಂಡ. ಕೆಟ್ಟ ಮನಸ್ಸಿನಿಂದಲ್ಲ. ಹಾಗೆ ಕಾಣುತ್ತಿತ್ತು, ಅದಕ್ಕೇ.

ಬುಧವಾರ ಮಧ್ಯಾಹ್ನ ಅತ್ತೆ ಅಂಗಡಿಗೆ ಬಂದರು. ಕಣ್ಣಿನ ಪೊರೆಯ ಆಪರೇಷನ್ ಆಗಿ ಮೂರು ತಿಂಗಳು ಕಳೆದಿತ್ತು, ಹೊಸ ಕನ್ನಡಕಕ್ಕೆ ನಂಬರು ನೋಡಬೇಕಿತ್ತು. ಅವಳು ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಿಸುವ ಯಂತ್ರವನ್ನು ಇಳಿಸಿದಳು. ಚಕ್ರ ತಿರುಗಿಸಿದಂತೆಲ್ಲ ಟಿಕ್ ಟಿಕ್ ಎಂದು ಒಂದೊಂದೇ ಗಾಜು ಬದಲಾಗುತ್ತಿತ್ತು. ಅವಳ ಮನಸ್ಸು ಅಲ್ಲಿರಲಿಲ್ಲ, ಶನಿವಾರದಲ್ಲಿತ್ತು.

"ಹಿಂದಿನದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?"

"ಹಿಂದಿನದು."

ಟಿಕ್. "ಈಗ?"

"ಏನೇ ಇದು, ಆಗ ಒಂದು ಸಲ ಎಷ್ಟು ನೆಟ್ಟಗಿತ್ತು. ನೀನೇ ದಾಟ್ಸಿಬಿಟ್ಟೆ. ಸ್ವಲ್ಪ ಹಿಂದೆ ಬಾ."

ಇಂಥ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸವೇ ಅದು. ನೆಟ್ಟಗೆ ಕಾಣುವ ಜಾಗವನ್ನು ಬೇಕೆಂದೇ ದಾಟಿಸುವುದು, ಮಸುಕಾದಾಗ ಹಿಂದೆ ಬರುವುದು. ದಾಟದಿದ್ದರೆ ಅದು ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ. ಚಕ್ರದ ಮೇಲಿದ್ದ ಅವಳ ಕೈ ನಿಂತುಬಿಟ್ಟಿತು.

"ಏನಾಯ್ತೇ? ನನ್ನ ಕಣ್ಣು ಹೋಯ್ತಾ?"

"ಇಲ್ಲ ಅತ್ತೆ. ನಿಮ್ಮ ಕಣ್ಣು ಚೆನ್ನಾಗಿದೆ. ನಾನೇ ಕುರುಡಿ."

"ಅದು ನನಗೆ ನೀನು ಮದುವೆಗೆ ಒಪ್ಪಿದಾಗ್ಲೇ ಗೊತ್ತಾಯ್ತು," ಎಂದರು ಅತ್ತೆ.

ಆ ಸಂಜೆ ಅಡಿಗೆಮನೆಯ ಕಿಟಕಿಯ ಬಳಿ ಅವಳು ಫಿರಂಗಿಯನ್ನು ಮೇಜಿನ ಮೇಲೆ ಮಲಗಿಸಿ ಟೇಪನ್ನು ನೋಡುತ್ತಾ ಕೂತಳು. ಅಂಟು ಒಣಗಿ ಕಂದಾಗಿತ್ತು. ಅಣ್ಣನ ಉಗುರಿನ ಗುರುತು ಇನ್ನೂ ಅದರ ಮೇಲಿತ್ತು. ಮುಟ್ಟಬೇಡ ಎಂದಿದ್ದರು. ಹಿರಿಯರು ಮುಟ್ಟಬೇಡ ಎಂದದ್ದನ್ನು ಅವಳು ಇದುವರೆಗೆ ಮುಟ್ಟಿದವಳಲ್ಲ. ಈ ಎರಡು ತಿಂಗಳಲ್ಲಿ ಯೋಚನೆಗೂ ಅದು ಬಂದಿರಲಿಲ್ಲ ಎಂಬುದೇ ಈಗ ಅವಳಿಗೆ ವಿಚಿತ್ರವಾಗಿ ಕಂಡಿತು.

ಕನ್ನಡಕದ ಗಾಜು ಒರೆಸುವ ದ್ರಾವಣವನ್ನು ಹತ್ತಿಗೆ ಹಾಕಿ ಅಂಚಿನಿಂದ ನೆನೆಸುತ್ತಾ ಬಂದಳು. ಟೇಪು ಸುರುಳಿಯಾಗಿ ಎದ್ದುಬಂತು. ಅದರ ಕೆಳಗೆ, ಕಪ್ಪು ಬಣ್ಣ ಹೊಸದರಂತೆ ಉಳಿದಿದ್ದ ಜಾಗದಲ್ಲಿ, ಬಿಳಿಯಲ್ಲಿ ಬರೆದ, ಮಲಗಿಸಿದ ಎಂಟಿನಂಥ ಗುರುತು. ಎಷ್ಟೇ ದೂರದ್ದಾದರೂ ಅಲ್ಲಿಗೆ ಬಂದರೆ ಸಾಕು ಎಂಬ ಗುರುತು. ಬಳೆ ಅಲ್ಲಿ ನಿಂತಿರಲಿಲ್ಲ. ಅದನ್ನೂ ದಾಟಿ ಒಂದು ಹೆಬ್ಬೆರಳಗಲ ಆಚೆ ಹೋಗಿ ನಿಂತಿತ್ತು.

ಲೆನ್ಸು ಮಾಡಿದವರು ಗುರುತಿನಾಚೆಗೂ ಬಳೆ ತಿರುಗುವಂತೆ ಯಾಕೆ ಮಾಡಿದ್ದಾರೆ ಎಂದು ಅವಳಿಗೆ ಕೂಡಲೇ ಹೊಳೆಯಿತು. ಬೇಸಿಗೆಯಲ್ಲಿ ಲೋಹದ ಫ್ರೇಮು ಹಿಗ್ಗಿ ಗಾಜು ಸಡಿಲವಾಯಿತೆಂದು ಜನ ಅಂಗಡಿಗೆ ಬರುತ್ತಿರಲಿಲ್ಲವೇ. ಇಷ್ಟುದ್ದದ ಕೊಳವೆ ಬಿಸಿಲಲ್ಲಿ ಹಿಗ್ಗುತ್ತದೆ, ಚಳಿಯಲ್ಲಿ ಕುಗ್ಗುತ್ತದೆ. ನೆಟ್ಟಗೆ ಕಾಣುವ ಜಾಗ ಅದರ ಜೊತೆ ಆಚೀಚೆ ಸರಿಯುತ್ತದೆ. ಅದಕ್ಕೇ ಆ ಗುರುತಿನ ಆಚೆಗೂ ಜಾಗ ಬಿಟ್ಟಿದ್ದರು, ದಾಟಿ ಹಿಂದೆ ಬರಲಿ ಎಂದು. ಅಣ್ಣನ ಕೈ ಪಳಗಿದ್ದು ಸ್ಟುಡಿಯೊದ ಚಿಕ್ಕ ಲೆನ್ಸುಗಳಲ್ಲಿ. ಅವುಗಳಲ್ಲಿ ಬಳೆ ನಿಲ್ಲುವ ಕೊನೆ ಎಂದರೆ ಆ ಗುರುತೇ.

ಗುರುವಾರ ಬೆಳಿಗ್ಗೆ ಕ್ವಾರಿಯ ನೀರು ಗಾಜಿನಂತಿತ್ತು. ಒಣಮರದ ಮೇಲೆ ಒಂದೇ ನೀರುಕಾಗೆ. ಅವಳು ಕ್ಯಾಮೆರಾದ ಪರದೆಗೂ ತನ್ನ ತಲೆಗೂ ಸೇರಿಸಿ ಅತ್ತೆಯ ಶಾಲು ಹೊದ್ದಳು. ಚಿತ್ರವನ್ನು ದೊಡ್ಡದು ಮಾಡುವ ಗುಂಡಿ ಒತ್ತಿ, ಬಳೆಯನ್ನು ಕೊನೆಯಿಂದ ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ಕರಿಯ ಮುದ್ದೆಗೆ ಅಂಚು ಬಂತು. ರೆಕ್ಕೆಯಾಯಿತು. ರೆಕ್ಕೆಯಲ್ಲಿ ಗರಿ, ಕಂಚುಬಣ್ಣದ ಒಂದೊಂದು ಗರಿಗೂ ಕಪ್ಪು ಅಂಚು. ಬೇಕೆಂದೇ ದಾಟಿದಳು, ಮತ್ತೆ ಹಿಂದೆ ಬಂದಳು. ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು ಇತ್ತು.

ಹಕ್ಕಿ ಕತ್ತು ಹೊರಳಿಸಿ ಇತ್ತ ನೋಡಿತು. ಅದರ ಕಣ್ಣು ಹಸಿರಾಗಿತ್ತು.

"ಅತ್ತೆ," ಎಂದಳು ಶಾಲಿನ ಒಳಗಿಂದ, ಗುಂಡಿ ಒತ್ತುತ್ತಾ. "ಕಾಗೆಗೆ ಹಸಿರು ಕಣ್ಣಿರುತ್ತಾ?"

"ನಿನ್ನ ಕಾಗೆಗೆ ಏನಿರುತ್ತೋ ನನಗೇನು ಗೊತ್ತು," ಎಂದರು ಅತ್ತೆ ಹೆಣಿಗೆ ಬಿಡದೆ. ಒಂದು ಸಾಲು ಮುಗಿದ ಮೇಲೆ ಎದ್ದು ಬಂದು ತಾವೂ ಶಾಲಿನೊಳಗೆ ತಲೆ ತೂರಿಸಿದರು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗಿಕೊಂಡವು. ಅತ್ತೆ ಪರದೆಗೆ ಇನ್ನಷ್ಟು ಮುಖ ಹತ್ತಿರ ತಂದು ನೋಡಿದರು. ಆಮೇಲೆ, "ಇದನ್ನ ಇಷ್ಟು ದಿನ ಕರಿ ಅಂದ್ಕೊಂಡಿದ್ವಲ್ಲೇ," ಎಂದರು.

ಶುಕ್ರವಾರ ಅವಳು ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿದಳು. ಇನ್ನೇನು ಪಕ್ಕದ ಬಾಗಿಲಿಗೆ ಹೋಗಿ ಮುಂದೆ ಹಿಡಿಯುವುದೊಂದೇ ಬಾಕಿ. ಆದರೆ ಕಾಲು ಮುಂದೆ ಹೋಗಲಿಲ್ಲ. ಚಿತ್ರ ಕೊಟ್ಟರೆ ಫಿರಂಗಿ ಅವಳದು. ಜೊತೆಗೆ ಮೂವತ್ತು ವರ್ಷ ಲೆನ್ಸು ಕೆಟ್ಟಿರಲಿಲ್ಲ, ಕೆಟ್ಟದ್ದು ನಿಮ್ಮ ಲೆಕ್ಕ ಎಂದು ಹೇಳಿದಂತೆಯೂ ಆಗುತ್ತದೆ. ಸ್ಟುಡಿಯೊ ಮುಚ್ಚುತ್ತಿರುವವರಿಗೆ ಹೇಳುವ ಮಾತೇ ಅದು? ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಾಗಲೂ ಏನು ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಬರೀ ಚಿತ್ರವನ್ನು ಮುಂದೆ ಇಟ್ಟಳು.

ಅಣ್ಣ ಮೊದಲು ಬರಿಗಣ್ಣಿನಲ್ಲಿ ನೋಡಿದರು. ಡ್ರಾಯರಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡಿದರು. ಬಾಲದಿಂದ ಶುರುಮಾಡಿ, ರೆಕ್ಕೆ ದಾಟಿ, ಕಣ್ಣಿನ ಬಳಿಗೆ ಬಂದು ಅಲ್ಲೇ ನಿಂತರು.

"ಟೇಪು?" ಎಂದರು, ತಲೆ ಎತ್ತದೆ.

"ಬಿಸಿಲಿಗೆ ಅಂಟು ಬಿಟ್ಟಿತ್ತು ಅಣ್ಣ."

"ಬಿಸಿಲಿಗೆ ಬಿಡೋ ಟೇಪು ನಾನು ಸುತ್ತೋನಲ್ಲ."

ಅವಳು ನೆಲ ನೋಡಿದಳು. "ಬಿಚ್ಚಿದೆ. ಕೊನೆಯಿಂದ ಸ್ವಲ್ಪ ಹಿಂದೆ ಬರಬೇಕು ಅಣ್ಣ. ಹೆಬ್ಬೆರಳಷ್ಟು."

ಅಣ್ಣ ಭೂತಗನ್ನಡಿಯನ್ನು ಕೆಳಗಿಟ್ಟು ಸುತ್ತಿಟ್ಟ ಪರದೆಗಳ ಕಡೆ ನೋಡುತ್ತಾ ಕೂತರು. ಅವಳಿಗೆ ಚಿತ್ರವನ್ನು ವಾಪಸ್ ತೆಗೆದುಕೊಂಡು ಹೋಗಿಬಿಡಲೇ ಎನ್ನಿಸಿತು.

"ಹೆಬ್ಬೆರಳಷ್ಟು," ಎಂದರು ಅಣ್ಣ ಕೊನೆಗೆ. ತಮ್ಮ ಹೆಬ್ಬೆರಳನ್ನೇ ಎತ್ತಿ ತಿರುಗಿಸಿ ನೋಡಿಕೊಂಡರು. "ಮೂವತ್ತು ವರ್ಷ ಬೈದೆನಲ್ಲೇ ತಂಗೀ ಅದನ್ನ. ಪಾಪ, ಬಾಯಿಲ್ಲ ಅಂತ."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅವಳು ಗಾಬರಿಯಾದಳು. ಅವರು ನಗುತ್ತಿದ್ದರು. ನಗುತ್ತಲೇ ಫೋನ್ ತೆಗೆದರು. "ನೋಡಪ್ಪಾ, ನೀನು ಇವತ್ತು ಬರ್ಬೇಡ. ದೀಪಕ್ಕೆ ಬೇರೆ ಏನಾದ್ರೂ ಹುಡುಕ್ಕೋ. ಇಲ್ಲ, ಮಾರಿಲ್ಲ. ಅದಕ್ಕೆ ಕೆಲಸ ಸಿಕ್ಕಿದೆ."

ಮುಂದಿನ ಭಾನುವಾರ ಮೊದಲ ಬಸ್ಸಿನಲ್ಲಿ ಮೂರು ಟಿಕೆಟ್ ತೆಗೆಸಿದರು. ಕ್ವಾರಿಯ ದಂಡೆಯಲ್ಲಿ ಅಣ್ಣ ಶಾಲಿನೊಳಗೆ ತಲೆ ತೂರಿಸಿಕೊಂಡು ಬಳೆ ತಿರುಗಿಸುತ್ತಿದ್ದರು.

"ದಾಟಿದ್ರಿ," ಎಂದರು ಪಕ್ಕದಲ್ಲಿ ಕೂತು ಹೆಣಿಗೆ ಹಾಕುತ್ತಿದ್ದ ಅತ್ತೆ.

"ನಿಮಗೆ ಅಲ್ಲಿಂದ ಹೇಗೆ ಕಾಣುತ್ತೆ?"

"ಕಾಣೋದು ಬೇಡ. ಗಂಡಸರು ದಾಟೇ ದಾಟ್ತಾರೆ. ಹಿಂದೆ ಬನ್ನಿ."

ಅವಳು ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಳು. ತನ್ನ ಸರದಿ ಬರಲು ಇನ್ನೂ ಹೊತ್ತಿತ್ತು, ಅವಸರವಿರಲಿಲ್ಲ. ಒಣಮರದ ಮೇಲೆ ಎರಡನೆಯ ನೀರುಕಾಗೆ ಬಂದು ಕೂತು, ಒದ್ದೆ ರೆಕ್ಕೆಯನ್ನು ಒಮ್ಮೆ ಜಾಡಿಸಿ, ಒಣಗಲು ಬಿಚ್ಚಿ ಹರವಿತು. ಬರಿಗಣ್ಣಿಗೆ ಅದು ಕರೀ ಚುಕ್ಕೆಯಷ್ಟೇ. ಕಣ್ಣು ಹಸಿರೆಂಬುದು ಅವಳಿಗೆ ಗೊತ್ತಿತ್ತು.