ಮೂರು ದಿನ ಹಿಂದಿನ ಮೊಹರು

ಮಸೂದೆಯ ಪ್ರತಿಯು ಸದಸ್ಯರ ಕೈ ಸೇರಿ ಮೂರು ದಿನವಾದ ಮೇಲೆಯೇ ಮತಕ್ಕೆ ಹಾಕಬೇಕೆಂಬುದು ಶಾಸನಸಭೆಯ ನಿಯಮ. ಪ್ರತಿಗಳನ್ನು ಹಂಚುವ ಗುಮಾಸ್ತ ಇಪ್ಪತ್ತೆರಡು ವರ್ಷ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಆ ಬೆಳಿಗ್ಗೆ ಕಾರ್ಯದರ್ಶಿ ಬಂದು, "ಈ ಮಸೂದೆ ಇವತ್ತೇ ಪಾಸಾಗ್ಬೇಕಂತೆ. ತಾರೀಖು ಸ್ವಲ್ಪ ಹಿಂದಕ್ಕೆ ತಿರುಗಿಸಪ್ಪ, ಆಕಾಶವೇನೂ ಕಳಚಿ ಬೀಳಲ್ಲ" ಎಂದಾಗ ಮಾತ್ರ, ತಾರೀಖಿನ ಮೊಹರಿನ ಚಕ್ರವನ್ನು ಮೂರು ದಿನ ಹಿಂದಕ್ಕೆ ತಿರುಗಿಸಿ, ಅಚ್ಚಿನ ಬಿಸಿ ಆರದ ಇನ್ನೂರು ಪುಟದ ಕಟ್ಟುಗಳ ಮೇಲೆ ಒತ್ತಿ ಹಂಚಿಬಿಟ್ಟ. ಓದುವವರಾದರೂ ಯಾರು ಎಂದುಕೊಂಡ.

ಓದುವವರು ಒಬ್ಬರಿದ್ದರು. ಸಾಲುಸಾಲಿಗೂ ಪೆನ್ಸಿಲ್ ಗೆರೆ ಎಳೆಯುವ ಹಿರಿಯ ಸದಸ್ಯೆ. ಎಲ್ಲರ ಬಾಯಲ್ಲೂ ಟೀಚರಮ್ಮ. ಮಧ್ಯಾಹ್ನ ಸಭೆಯಲ್ಲಿ ಎದ್ದು ನಿಂತು, "ಇದು ನನ್ನ ಕೈಗೆ ಬಂದಿದ್ದೇ ಇವತ್ತು. ಓದದೆ ಹೇಗೆ ಹೂಂ ಅನ್ನಲಿ?" ಎಂದು ಗುಡುಗಿದರು.

"ಮೊಹರು ನೋಡ್ಕೊಳ್ಳಿ" ಎಂದರು ಸಭಾಧ್ಯಕ್ಷರು.

ಟೀಚರಮ್ಮ ಕನ್ನಡಕ ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಗೊತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

"ಕ್ಷಮಿಸಿ. ವಯಸ್ಸಾಯ್ತು, ಮರೆತಿರ್ಬೇಕು" ಎಂದು ಅವರು ಕೂತರು. ಮಸೂದೆ ಪಾಸಾಯಿತು. ಗೋಡೆಗೆ ಒರಗಿ ನಿಂತಿದ್ದ ಗುಮಾಸ್ತ ತನ್ನ ಮೇಜಿಗೆ ಮರಳಿದ.

ಸಭೆ ಮುಗಿದ ಮೇಲೆ ಟೀಚರಮ್ಮ ನೇರ ಅವನ ಮೇಜಿಗೇ ಬಂದರು. "ನೋಡಪ್ಪ, ಬೆಳಿಗ್ಗೆ ನೀನು ಕೊಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಮೊಹರು ಸುಳ್ಳು ಹೇಳುತ್ತಾ? ನಮ್ಮಮ್ಮನಿಗೂ ಮರೆವು ಹೀಗೇ ಶುರುವಾಗಿದ್ದು. ಇನ್ಮೇಲೆ ಏನೇ ಕೊಟ್ರೂ ತಾರೀಖು ಗಟ್ಟಿಯಾಗಿ ಹೇಳಿ ಕೊಡು. ಇಲ್ಲಿ ನಾನು ನಂಬೋದು ನಿನ್ನೊಬ್ಬನನ್ನೇ."

"ಆಗಲಮ್ಮ" ಎಂದ ಗುಮಾಸ್ತ. ಅಷ್ಟನ್ನೇ ಎಂದ.