ಅಶ್ವತ್ಥಮ್ಮನ ನಾಲಿಗೆ

ಕ್ಯಾಸಂಬಳ್ಳಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ಅವರ ಕಾಲು ತಾನಾಗಿ ಅಶ್ವತ್ಥಮ್ಮನ ಮನೆಯತ್ತ ತಿರುಗುತ್ತದೆ. ರಾಗಿ ತೂರುವಾಗ ಹಾರಿದ ಹೊಟ್ಟೋ, ಬೈಕಿನಲ್ಲಿ ಬರುವಾಗ ಬಡಿದ ಹುಳವೋ, ಏನೇ ಇರಲಿ, ಅವಳು ರೆಪ್ಪೆ ಬಿಡಿಸಿ ನಾಲಿಗೆಯ ತುದಿಯಿಂದ ಒಮ್ಮೆ ಸವರಿದರೆ ಕಸ ನಾಲಿಗೆಗೆ ಅಂಟಿಕೊಂಡು ಬರುತ್ತದೆ. ಇದು ಅತ್ತೆಯಿಂದ ಬಂದ ವಿದ್ಯೆ. ಕಾಸು ಮುಟ್ಟಬಾರದು, ಬಾಯಿಗೆ ಎಲೆ ಅಡಿಕೆ ಹಾಕಬಾರದು ಎಂದು ಅತ್ತೆ ಹೇಳಿ ಹೋಗಿದ್ದಳು. ಕಾಸು ಬಿಡುವುದು ಕಷ್ಟವಾಗಲಿಲ್ಲ. ಆದರೆ ಓರಗೆಯ ಹೆಂಗಸರೆಲ್ಲ ಸಂಜೆ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುವಾಗ ಇವಳು ಬರೀ ಉಗುಳು ನುಂಗಿಕೊಂಡೇ ಮುದುಕಿಯಾದಳು. ಊರವರ ಕಣ್ಣಿಗೆ ನಾಲಿಗೆಯನ್ನು ಒತ್ತೆ ಇಟ್ಟ ಹಾಗಾಗಿತ್ತು ಅವಳ ಬಾಳು. ಈಗೀಗ ಬಾಗಿಲಲ್ಲಿ ಯಾರಾದರೂ ಒಂದು ಕಣ್ಣು ಮುಚ್ಚಿಕೊಂಡು ನಿಂತರೆ ಎದ್ದು ಬರಲಿಕ್ಕೇ ಅವಳಿಗೆ ಸಾಕಾಗುತ್ತಿತ್ತು.

ಊರವರದಿರಲಿ, ಅವಳನ್ನು ಹೆಚ್ಚು ದಣಿಸಿದವನು ಅವಳ ಮಗನೇ. ಅಂಬರೀಶ ಮನೆಗೆ ಒತ್ತಿಕೊಂಡಂತೆ ಶೆಡ್ಡು ಹಾಕಿ ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾನೆ. ವೆಲ್ಡಿಂಗ್ ಮಾಡುವಾಗ ಕಪ್ಪು ಗಾಜಿನ ಶೀಲ್ಡು ಹಿಡಿಯುತ್ತಾನೆ, ಇಲ್ಲದಿದ್ದರೆ ಆ ಬೆಳಕಿಗೆ ಕಣ್ಣು ಬಿಡಲಾಗದು. ಬೆಸುಗೆ ಮುಗಿದು ಉಜ್ಜುವ ಹೊತ್ತಿಗೆ ಕಪ್ಪು ಗಾಜಿನಲ್ಲಿ ಏನೂ ಕಾಣುವುದಿಲ್ಲವೆಂದು ಅದನ್ನು ಬದಿಗಿಟ್ಟು ಬರಿಗಣ್ಣಲ್ಲೇ ಗ್ರೈಂಡರ್ ಹಿಡಿಯುತ್ತಾನೆ. ಕಿಡಿ ಹಾರುವುದು ಆಗಲೇ.

"ಬಿದ್ರೆ ಬೀಳ್ಲಿ ಬಿಡು, ತೆಗೆಯೋಕೆ ನಮ್ಮಮ್ಮ ಇಲ್ವಾ" ಎನ್ನುವುದು ಅವನ ಧೈರ್ಯ.

ಕೆಟ್ಟದ್ದು ನಡೆದದ್ದು ಮಾತ್ರ ಶೆಡ್ಡಿನಲ್ಲಲ್ಲ, ಪಡಸಾಲೆಯಲ್ಲಿ. ಗಡಿಯಾರಕ್ಕೆ ಒಂದು ಮೊಳೆ ಹೊಡೆದುಕೊಡಿ ಎಂದು ಹೆಂಡತಿ ಕಲಾ ಕೇಳಿದ್ದಳು. ಮನೆಯೊಳಗೆ ಒಂದು ಮೊಳೆ ಹೊಡೆಯುವುದಕ್ಕೆ ಕಣ್ಣಿನ ಯೋಚನೆ ಯಾರು ಮಾಡುತ್ತಾರೆ? ಗಟ್ಟಿ ಕಾಂಕ್ರೀಟ್ ಮೊಳೆ. ಸುತ್ತಿಗೆಯ ಏಟಿಗೆ ಮೊಳೆ ಗೋಡೆಗೆ ಇಳಿಯಿತು, ಅದರ ಚೂರೊಂದು ಸಿಡಿದು ಅಂಬರೀಶನ ಬಲಗಣ್ಣಿಗೆ ನೆಟ್ಟಿತು. ಅಶ್ವತ್ಥಮ್ಮ ನಾಲಿಗೆ ಇಟ್ಟಳು. ಬರಲಿಲ್ಲ. ಮತ್ತೆ ಇಟ್ಟಳು. ಚೂರು ನಾಲಿಗೆಯನ್ನು ಚುಚ್ಚುತ್ತಿತ್ತೇ ಹೊರತು ಜಾಗ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಕಣ್ಣು ಊದಿಕೊಂಡಿತ್ತು.

ಬಂಗಾರಪೇಟೆಯ ಕಣ್ಣಿನ ಡಾಕ್ಟರಮ್ಮ ಚೂರು ತೆಗೆದು, ಕೀವು ಕಟ್ಟಿದ್ದಕ್ಕೆ ಕಣ್ಣಿನ ಹನಿ ಬರೆದುಕೊಟ್ಟು, ಅಶ್ವತ್ಥಮ್ಮನ ಕಡೆ ತಿರುಗಿದರು. ಗದರಲಿಲ್ಲ.

"ಅಜ್ಜಿ, ಇನ್ಮೇಲೆ ಯಾರ ಕಣ್ಣಿಗೂ ನಾಲಿಗೆ ಇಡಬೇಡಿ, ನಂಜಾಗುತ್ತೆ. ಈ ಕಣ್ಣಲ್ಲಿ ಕಲೆ ಉಳಿದಿದೆ. ಇನ್ನೊಂದು ಚೂರು ಬಿದ್ರೆ ದೃಷ್ಟಿ ಉಳಿಯೋದು ಕಷ್ಟ."

ಮಗನನ್ನೂ ಸೊಸೆಯನ್ನೂ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಅಶ್ವತ್ಥಮ್ಮ ಒಬ್ಬಳೇ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯ ಆರುಮುಗಂ ಮೈಸೂರು ಮೈನ್ಸ್ ಕಡೆಯವನು, ಅಲ್ಲಿನ ಚಿನ್ನದ ಗಣಿ ನಿಂತ ಮೇಲೆ ಇಲ್ಲಿಗೆ ಬಂದವನು.

"ಕಣ್ಣಿಗೆ ಆಕ್ಕೊಳ್ಳೋದು ಕೊಡಣ್ಣ. ಕಬ್ಬಿಣ ಉಜ್ಜೋನಿಗೆ."

ಮೊದಲು ಕಪ್ಪು ಕನ್ನಡಕ ಬಂತು. ಹಾಕಿಕೊಂಡಳು, ಅಂಗಡಿಯೇ ಕತ್ತಲಾಯಿತು.

"ಇದ್ರಲ್ಲಿ ಕಬ್ಬಿಣದ ಮೇಲೆ ಎಳೆದ ಗೆರೆ ಕಾಣಲ್ಲ. ತೆಗೆದು ಬಿಸಾಕ್ತಾನೆ."

ಆಮೇಲೆ ಬಿಳಿ ಗಾಜಿನದು. ಹಗುರವಾಗಿ ಚೆನ್ನಾಗಿಯೇ ಇತ್ತು. ಅವಳು ಅದನ್ನು ಹಾಕಿಕೊಂಡು ಕೆನ್ನೆಯ ಕಡೆಯಿಂದ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ರೆಪ್ಪೆ ಮುಟ್ಟಿತು.

"ನಾನು ತೆಗೆದಿರೋ ಕಸ ಎಲ್ಲಾ ಪಕ್ಕದಿಂದ, ಕೆಳಗಡೆಯಿಂದ ಓಗಿರೋದೇ. ಬೆರಳು ಓಗೋ ಕಡೆ ಕಿಡಿ ಓಗಲ್ವೇನಣ್ಣ?"

"ಅಪ್ಪೊ ಇದೇ ನಿಮಗೆ ಸರಿ ಅಮ್ಮಾ" ಎಂದು ಆರುಮುಗಂ ತಲೆಯ ಹಿಂದಕ್ಕೆ ಪಟ್ಟಿ ಇರುವ, ಸುತ್ತಲೂ ಮುಖಕ್ಕೆ ಕೂರುವ ಗಾಗಲ್ಸ್ ತೆಗೆದ. "ಓದೋ ಕನ್ನಡಕದ ಮೇಲೇನೇ ಆಕ್ಕೋಬೋದು. ಓದೋ ಕನ್ನಡಕ ಒಂದೇ ಸಾಕು ಅಂತ ಮಾತ್ರ ಬಿಡ್ಬೇಡಿ, ಒಡೆದ್ರೆ ಆ ಚೂರೂ ಕಣ್ಣಿಗೇ."

"ಬೆವರಿಗೆ ಮಬ್ಬಾಗಲ್ವಾ? ಮೊದ್ಲೊಂದು ಸಲ ನನ್ನ ಮಗ ಒಂದು ತಂದಿದ್ದ. ಮಬ್ಬಾಯ್ತು ಅಂತ ಮೂಲೆಗೆ ಆಕ್ದ."

ಅಂಚಿನಲ್ಲಿ ಗಾಳಿಯಾಡಲು ತೂತುಗಳಿದ್ದವು, ಕಿಡಿ ನುಗ್ಗದಂತೆ ತೂತಿಗೆ ಮುಚ್ಚಳಗಳಿದ್ದವು. ಅವನು ತೋರಿಸಿದ. ಅಶ್ವತ್ಥಮ್ಮ ಬಾಯಿಮಾತು ನಂಬುವವಳಲ್ಲ. ಅದನ್ನು ಹಾಕಿಕೊಂಡು ಬೀದಿಗಿಳಿದು, ಹಣೆಯ ಬೆವರು ಕೆನ್ನೆಗೆ ಇಳಿಯುವ ತನಕ ಬಿಸಿಲಲ್ಲಿ ನಿಂತಳು. ಹೋಗಿಬರುವವರು ನಕ್ಕರು. ನಗಲಿ ಎಂದುಕೊಂಡಳು. ನಗುವವರ ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಕಟ್ಟಿಕೊಡುತ್ತಾ ಆರುಮುಗಂ ಹೇಳಿದ: "ಆರಿಸೋದು ಸುಲಭ ಅಮ್ಮಾ. ಮೊಳೆಯಿಂದ ಇಳಿಸೋದೇ ಕಷ್ಟ. ಎಲ್ಲಾರ ಮನೇಲೂ ಇದು ಮೊಳೆಗೇ ಆಕಿರ್ತಾರೆ."

ಅವನ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ, ಹಾಗೇ ಆಯಿತು. ಕಣ್ಣು ನೋಯುವಷ್ಟು ದಿನ ಅಂಬರೀಶ ಗಾಗಲ್ಸ್ ಹಾಕಿದ. ನೋವು ಹೋಯಿತು, ಗಾಗಲ್ಸ್ ಪಡಸಾಲೆಯ ಅದೇ ಮೊಳೆಗೆ ಏರಿತು. ಗಡಿಯಾರಕ್ಕೆ ಜಾಗವಿಲ್ಲದೆ ಅದು ಅಕ್ಕಿ ಡಬ್ಬದ ಮೇಲೆ ಕೂತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಈ ಮಹರಾಯನಿಗೆ ಕೆಟ್ಟ ಮೇಲೂ ಬರಲಿಲ್ಲ. ಅಶ್ವತ್ಥಮ್ಮ ಬೈದಳು, ಅತ್ತಳು, ಒಂದು ಹೊತ್ತು ಉಣ್ಣದೆಯೂ ಮಲಗಿದಳು.

"ಇದೊಂದು ಗ್ರಿಲ್ಲಿಗೆ ಯಾಕಮ್ಮಾ. ಬಿದ್ರೆ ನೀನು ತೆಗೀತೀಯ."

"ಡಾಕ್ಟರಮ್ಮ ಬೇಡ ಅಂದವ್ರೆ. ನಾನು ತೆಗೆಯಲ್ಲ."

ಅಂಬರೀಶ ನಕ್ಕ. "ನಾನು ಕಣ್ಣು ಮುಚ್ಕೊಂಡು ಬಂದ್ರೆ ನೀನು ಸುಮ್ಕಿರ್ತೀಯಾ? ಇರೋಳಲ್ಲ ಬಿಡು."

ಅವನು ಹೇಳಿದ್ದು ನಿಜ. ಮಗ ಕಣ್ಣೀರು ಸುರಿಸಿಕೊಂಡು ಎದುರು ಕೂತರೆ ಯಾವ ಡಾಕ್ಟರು ಹೇಳಿದರೂ ಅವಳ ನಾಲಿಗೆ ಬಾಯೊಳಗೆ ನಿಲ್ಲುವುದಿಲ್ಲ. ತಾನು ಇರುವವರೆಗೆ ಆ ಗಾಗಲ್ಸ್ ಮೊಳೆಯಿಂದ ಇಳಿಯುವುದಿಲ್ಲ, ಇವನ ಕಣ್ಣು ಉಳಿಯುವುದಿಲ್ಲ. ಅವಳಿಗೆ ತುಂಬ ದಣಿವಾಯಿತು. ಆ ದಣಿವಿನಲ್ಲೇ ಎದ್ದು ಪಕ್ಕದ ಮನೆಗೆ ಹೋಗಿ, ಎರಡು ಎಲೆ, ಅಡಿಕೆ, ಒಂದು ಬೆರಳು ಸುಣ್ಣ, ಚೂರು ಹೊಗೆಸೊಪ್ಪು ಕೇಳಿ ಇಸಿದುಕೊಂಡು ಬಂದಳು.

ಶೆಡ್ಡಿನ ಬಾಗಿಲಲ್ಲಿ ಕೂತು ಎಲೆ ಮಡಿಸಿ ಬಾಯಿಗಿಟ್ಟಳು. ಅಳತೆ ಗೊತ್ತಿಲ್ಲದೆ ಸುಣ್ಣ ಹೆಚ್ಚಾಗಿತ್ತು. ಅಂಬರೀಶ ಗ್ರೈಂಡರ್ ನಿಲ್ಲಿಸಿದ.

"ಏನಮ್ಮಾ ಇದು? ನೀನು ಎಲೆ ಅಡಿಕೆ ಆಕ್ಕೊಂಡಿದ್ದು ನಾನು ನೋಡೇ ಇಲ್ವಲ್ಲ."

ಅವಳು ನಾಲಿಗೆ ಚಾಚಿ ತೋರಿಸಿದಳು. ಕೆಂಪಾಗಿ, ತುದಿ ಸುಟ್ಟು ಬೆಳ್ಳಗಾಗಿತ್ತು.

"ನೋಡ್ಕೊ. ಸುಣ್ಣ, ಒಗೆಸೊಪ್ಪು ಎರಡೂ ಐತೆ. ಇನ್ನು ದಿನಾ ಆಕ್ಕೋತೀನಿ. ಇದು ಯಾವ ಕಣ್ಣಿಗೂ ಬರಲ್ಲ."

"ನನ್ನ ಕಣ್ಣಿಗೂ?"

"ನಿನ್ನ ಕಣ್ಣಿಗೇ ಕಣಪ್ಪಾ."

ಅವನು ಗ್ರೈಂಡರ್ ಕೆಳಗಿಟ್ಟ. ಒಳಗೆ ಹೋಗಿ ಗಾಗಲ್ಸ್ ಹಾಕಿಕೊಂಡು ಬಂದ. ಅವನ ಬೆನ್ನ ಹಿಂದೆಯೇ ಕಲಾ ಖಾಲಿ ಮೊಳೆಗೆ ಗಡಿಯಾರ ನೇತುಹಾಕಿಬಿಟ್ಟಳು.

ಗ್ರೈಂಡರ್ ಮತ್ತೆ ಕೂಗತೊಡಗಿತು. ಕಿಡಿಗಳು ಗಾಗಲ್ಸಿಗೆ ಬಡಿದು ಕೆಳಗೆ ಬೀಳುತ್ತಿದ್ದವು. ಅಶ್ವತ್ಥಮ್ಮನಿಗೆ ಬಾಯಿ ಉರಿದು ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಆಸೆಪಟ್ಟ ಎಲೆ ಅಡಿಕೆ ಅಂಥ ರುಚಿಯೇನೂ ಇರಲಿಲ್ಲ. ಆದರೂ ಅವಳು ಉಗಿಯಲಿಲ್ಲ.